ಕಾಜಿರಂಗಕ್ಕೆ ಹೊರಡುವ ಮುನ್ನ: ಘೇಂಡಾಮೃಗದ ನಾಡನ್ನು ನಿಧಾನವಾಗಿ ನೋಡುವುದು ಹೇಗೆ

ಅಸ್ಸಾಮಿನ ಕಾಜಿರಂಗ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: “ಘೇಂಡಾಮೃಗ ಕಾಣುತ್ತಾ?”

ಕಾಣುತ್ತದೆ. ಬಂಡೀಪುರ, ನಾಗರಹೊಳೆಯಲ್ಲಿ ಹುಲಿಗಾಗಿ ಕಾದು ಕಾದು, ಜಿಂಕೆ ನೋಡಿಕೊಂಡು ವಾಪಸ್ ಬಂದು ಅಭ್ಯಾಸವಾದ ನಮಗೆ ಇದನ್ನು ನಂಬುವುದು ಕಷ್ಟ. ಆದರೆ ಇಲ್ಲಿನ ಲೆಕ್ಕವೇ ಬೇರೆ. 2022ರ ಮಾರ್ಚ್‌ನಲ್ಲಿ ಗಣತಿ ಮಾಡಿದಾಗ ಕಾಜಿರಂಗದಲ್ಲಿ 2,613 ಘೇಂಡಾಮೃಗಗಳಿದ್ದವು. ಇಡೀ ಜಗತ್ತಿನಲ್ಲಿ ಒಂಟಿಕೊಂಬಿನ ಘೇಂಡಾಮೃಗ ಇರುವುದೇ ಸುಮಾರು ನಾಲ್ಕು ಸಾವಿರ. ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಈ ಒಂದೇ ಕಾಡಿನಲ್ಲಿವೆ. ಸರಿಯಾದ ತಿಂಗಳಲ್ಲಿ ಹೋದರೆ ಸಫಾರಿ ಶುರುವಾದ ಅರ್ಧ ಗಂಟೆಯೊಳಗೆ ಮೊದಲನೆಯದು ಕಾಣಿಸುವುದು ಮಾಮೂಲು.

ಹಾಗಾಗಿ “ಕಾಣುತ್ತಾ” ಅನ್ನುವ ಚಿಂತೆ ಬಿಡಿ. ಕಂಡ ಮೇಲೆ ಅದರ ಮುಂದೆ ಎಷ್ಟು ಹೊತ್ತು ಇರುತ್ತೀರಿ ಅನ್ನುವುದನ್ನು ಯೋಚಿಸಿ. ನನ್ನ ಮೊದಲ ಪ್ರವಾಸ ಕೆಟ್ಟಿದ್ದು ಇದನ್ನು ಯೋಚಿಸದೆ. ಬೆಂಗಳೂರಿನಿಂದ ಹೊರಟು ಗುವಾಹಟಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡೂವರೆ. ಊರು ದಾಟುವಷ್ಟರಲ್ಲಿ ಕತ್ತಲಾಯಿತು. ಕಾಜಿರಂಗದ ಪ್ರವಾಸಿಗರು ಹೆಚ್ಚಾಗಿ ಉಳಿಯುವ ಊರು ಕೊಹೊರಾ, ಅಲ್ಲಿಗೆ ತಲುಪಿದ್ದು ರಾತ್ರಿ ಒಂಬತ್ತಕ್ಕೆ. ಮರುದಿನ ಬೆಳಿಗ್ಗೆ ಒಂದೇ ಒಂದು ಸಫಾರಿ, ಮಧ್ಯಾಹ್ನ ವಾಪಸ್. ಏಳು ಘೇಂಡಾಮೃಗ ಕಂಡೆ, ಒಂದನ್ನೂ ನೋಡಲಿಲ್ಲ. ಎರಡು ವರ್ಷ ಆದಮೇಲೆ ಅಮ್ಮ ಮತ್ತು ಅಕ್ಕನನ್ನು ಕರೆದುಕೊಂಡು ಫೆಬ್ರುವರಿ ಕೊನೆಯಲ್ಲಿ ಮತ್ತೆ ಹೋದೆ. ಮೂರು ರಾತ್ರಿ ಉಳಿದು, ಮೂರು ಸಫಾರಿ ಮಾಡಿದೆವು. ಕೆಳಗೆ ಬರೆದಿದ್ದೆಲ್ಲ ಆ ಎರಡು ಪ್ರವಾಸಗಳಿಂದ ಕಲಿತದ್ದು.

ಹೆಜ್ಜೆ 1: ತಿಂಗಳು ಆರಿಸಿ

ಉದ್ಯಾನ ವರ್ಷಪೂರ್ತಿ ತೆರೆದಿರುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ ಹೊತ್ತಿಗೆ ತೆರೆದು, ಏಪ್ರಿಲ್-ಮೇ ಹೊತ್ತಿಗೆ ಮುಚ್ಚುತ್ತದೆ. ಯಾವ ದಿನ ತೆರೆಯುತ್ತಾರೆ ಅನ್ನುವುದು ಆ ವರ್ಷದ ಮಳೆ, ನೆರೆಯ ಮೇಲೆ ನಿಂತಿದೆ. ವಿಮಾನದ ಟಿಕೆಟ್ ಮಾಡಿಸುವ ಮೊದಲೇ ಅರಣ್ಯ ಇಲಾಖೆಯ ಪ್ರಕಟಣೆ ನೋಡಿಕೊಳ್ಳಿ.

ಮುಚ್ಚುವುದು ಯಾಕೆ ಅಂತ ತಿಳಿದರೆ ಈ ಕಾಡು ಅರ್ಧ ಅರ್ಥವಾದ ಹಾಗೆ. ಉತ್ತರಕ್ಕೆ ಬ್ರಹ್ಮಪುತ್ರ, ದಕ್ಷಿಣಕ್ಕೆ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳು. ನಡುವಿನ ತಗ್ಗು ಬಯಲೇ ಕಾಜಿರಂಗ. ಮಳೆಗಾಲದಲ್ಲಿ ನದಿ ಉಕ್ಕಿ ಬಯಲಿನ ಬಹುಪಾಲು ನೀರಿನಡಿ ಹೋಗುತ್ತದೆ. ಆ ನೆರೆ ಹೊಸ ಮೆಕ್ಕಲು ಮಣ್ಣು ತಂದು ಹಾಕುತ್ತದೆ, ಕೆರೆಗಳಿಗೆ ಮೀನು ತುಂಬುತ್ತದೆ, ಹುಲ್ಲಿನ ಜಾಗವನ್ನು ಮರಗಳು ಆಕ್ರಮಿಸದ ಹಾಗೆ ತಡೆಯುತ್ತದೆ. ನೆರೆ ಇಲ್ಲದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಘೇಂಡಾಮೃಗ ಇಲ್ಲ. ಆದರೆ ನೀರು ಮಿತಿಮೀರಿ ಬಂದ ವರ್ಷ ಅದೇ ನೆರೆ ನೂರಾರು ಪ್ರಾಣಿಗಳ ಜೀವ ತೆಗೆಯುತ್ತದೆ. ಒಳಗೆ ಅಲ್ಲಲ್ಲಿ ಎತ್ತರಿಸಿ ಕಟ್ಟಿದ ಮಣ್ಣಿನ ದಿಬ್ಬಗಳು ಕಾಣುತ್ತವೆ. ನೆರೆ ಬಂದಾಗ ಪ್ರಾಣಿಗಳು ಹತ್ತಿ ನಿಲ್ಲಲಿ ಅಂತ ಮಾಡಿದ ಜಾಗ ಅವು. ಸಫಾರಿಯಲ್ಲಿ ಡ್ರೈವರ್ ತೋರಿಸದಿದ್ದರೆ ಕೇಳಿ ನೋಡಿ.

ನವೆಂಬರ್‌ನಲ್ಲಿ ಕಾಡು ಹಸಿರಾಗಿ ಚೆಂದ ಇರುತ್ತದೆ, ಆದರೆ ಹುಲ್ಲು ಆನೆಯನ್ನೇ ಮುಚ್ಚುವಷ್ಟು ಎತ್ತರ. ಹತ್ತು ಅಡಿ ದೂರದಲ್ಲಿ ಘೇಂಡಾಮೃಗ ನಿಂತಿದ್ದರೂ ಕಿವಿ ಮಾತ್ರ ಕಂಡೀತು. ಚಳಿಗಾಲದಲ್ಲಿ ಇಲಾಖೆಯವರೇ ಒಣಹುಲ್ಲಿಗೆ ಭಾಗ ಭಾಗವಾಗಿ ಬೆಂಕಿ ಕೊಡುತ್ತಾರೆ. ಸುಟ್ಟ ಜಾಗದಲ್ಲಿ ಎಳೆಹುಲ್ಲು ಚಿಗುರುತ್ತದೆ, ಪ್ರಾಣಿಗಳು ಅಲ್ಲಿಗೆ ಮೇಯಲು ಬರುತ್ತವೆ, ಕಣ್ಣಿಗೂ ಬಯಲು ಬಿಚ್ಚಿಕೊಳ್ಳುತ್ತದೆ. ಪ್ರಾಣಿಗಳನ್ನು ಹೊತ್ತುಗಟ್ಟಲೆ ನೋಡಬೇಕು ಅನ್ನುವವರಿಗೆ ಫೆಬ್ರುವರಿ ನಡುವಿನಿಂದ ಮಾರ್ಚ್ ಕೊನೆವರೆಗಿನ ಕಾಲವೇ ಒಳ್ಳೆಯದು. ಬೂರುಗದ ಮರಗಳು ಎಲೆ ಉದುರಿಸಿ ಕೆಂಪು ಹೂ ಬಿಡುವುದೂ ಆಗಲೇ. ಹಕ್ಕಿ ಹುಚ್ಚಿನವರು ಡಿಸೆಂಬರ್, ಜನವರಿಯಲ್ಲಿ ಹೋಗಲಿ. ಆಗ ವಲಸೆ ಬಂದ ಬಾತುಗಳೆಲ್ಲ ಕೆರೆಗಳಲ್ಲಿ ಇರುತ್ತವೆ. ಬೆಳಗಿನ ಮಂಜಿಗೆ ಮಾತ್ರ ಸಿದ್ಧರಾಗಿರಬೇಕು.

ನಮ್ಮಲ್ಲಿ ಸಂಕ್ರಾಂತಿಗೆ ರಜೆ ಸಿಗುತ್ತದೆ ಅಂತ ಎಷ್ಟೋ ಜನ ಜನವರಿ ನಡುವೆ ಹೊರಡುತ್ತಾರೆ. ಅಸ್ಸಾಮಿನಲ್ಲಿ ಅದೇ ಹೊತ್ತಿಗೆ ಮಾಘ್ ಬಿಹು. ಹಿಂದಿನ ರಾತ್ರಿ ಊರೂರಲ್ಲಿ ಜನ ಸೇರಿ ಅಡುಗೆ ಮಾಡಿ ಉಣ್ಣುತ್ತಾರೆ, ಬೆಳಿಗ್ಗೆ ಬೆಂಕಿ ಹಾಕುತ್ತಾರೆ. ನೋಡಲು ಭಾಗ್ಯ ಬೇಕು. ಆದರೆ ಕಾರು, ಜೀಪು ಓಡಿಸುವವರಿಗೂ ಮನೆ ಇದೆ ಅಲ್ವಾ? ಆ ಎರಡು ದಿನದ ಗಾಡಿಯನ್ನು ಮುಂಚೆಯೇ ಮಾತಾಡಿ ಗಟ್ಟಿ ಮಾಡಿಕೊಳ್ಳಿ.

ಹೆಜ್ಜೆ 2: ದಾರಿ

ಬೆಂಗಳೂರಿನಿಂದ ಗುವಾಹಟಿಗೆ ನೇರ ವಿಮಾನ ಇದೆ, ಮೂರು ಗಂಟೆ ಚಿಲ್ಲರೆ. ಗುವಾಹಟಿಯಿಂದ ಕೊಹೊರಾಕ್ಕೆ ಇನ್ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಕಾರಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ. ವಿಮಾನ ನಿಲ್ದಾಣ ಊರಿನ ಪಶ್ಚಿಮ ತುದಿಯಲ್ಲಿದೆ, ಕಾಜಿರಂಗ ಪೂರ್ವಕ್ಕೆ. ಅಂದರೆ ಗುವಾಹಟಿಯ ಟ್ರಾಫಿಕ್ ಪೂರ್ತಿ ದಾಟಬೇಕು. ಅದಕ್ಕೆ ಬೇರೆಯೇ ಒಂದು ಗಂಟೆ ಇಟ್ಟುಕೊಳ್ಳಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಬೆಳಗಿನ ಮೊದಲ ವಿಮಾನವನ್ನೇ ಹಿಡಿಯಿರಿ. ಗಡಿಯಾರ ಬೆಂಗಳೂರಿನದೇ, ಸೂರ್ಯ ಮಾತ್ರ ಬೇರೆ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಬ್ರಿಟಿಷರ ಕಾಲದಿಂದಲೂ ಅಲ್ಲಿನ ಚಹಾ ತೋಟಗಳು ಒಂದು ಗಂಟೆ ಮುಂದಿರುವ ತಮ್ಮದೇ ಗಡಿಯಾರ ಇಟ್ಟುಕೊಂಡಿವೆ, ‘ಬಾಗಾನ್ ಟೈಮ್’ ಅನ್ನುತ್ತಾರೆ. ನೀವೂ ಮನಸ್ಸಿನಲ್ಲಿ ಹಾಗೇ ಒಂದು ಗಂಟೆ ಮುಂದೆ ಇಟ್ಟುಕೊಂಡರೆ ಇಡೀ ಪ್ರವಾಸ ಸಲೀಸು. ಐದೂವರೆಗೆ ಏಳುವುದು, ಒಂಬತ್ತಕ್ಕೆ ಮಲಗುವುದು.

ಜೋರ್ಹಾಟ್ ವಿಮಾನ ನಿಲ್ದಾಣ ಕೊಹೊರಾಕ್ಕೆ ಇನ್ನೂ ಹತ್ತಿರ, ನೂರು ಕಿಲೋಮೀಟರ್‌ನ ಒಳಗೆ. ಆದರೆ ವಿಮಾನಗಳು ಕಡಿಮೆ. ನಾವು ಗುವಾಹಟಿಯಲ್ಲೇ ಇಳಿದು ಗುವಾಹಟಿಯಿಂದಲೇ ಹತ್ತಿದೆವು. ಮತ್ತೆ ಹೋದರೆ ಗುವಾಹಟಿಯಲ್ಲಿ ಇಳಿದು ಜೋರ್ಹಾಟ್‌ನಿಂದ ಹೊರಡುತ್ತೇನೆ. ಒಂದೇ ದಾರಿಯನ್ನು ಎರಡು ಸಲ ನೋಡುವುದು ತಪ್ಪುತ್ತದೆ.

ರೈಲು ಪ್ರಿಯರಿಗೆ ಬೆಂಗಳೂರಿನಿಂದ ಗುವಾಹಟಿಗೆ ಕಾಜಿರಂಗ ಎಕ್ಸ್‌ಪ್ರೆಸ್ ಅನ್ನುವ ಹೆಸರಿನ ರೈಲೇ ಇದೆ. ಎರಡು ದಿನಕ್ಕೂ ಜಾಸ್ತಿ ಪ್ರಯಾಣ. ರಜೆ ಇದ್ದವರಿಗೆ ಅಡ್ಡಿಯಿಲ್ಲ. ಗುವಾಹಟಿಯಿಂದ ಮುಂದೆ ಜೋರ್ಹಾಟ್ ಕಡೆ ಹೋಗುವ ಬಸ್ಸುಗಳು ಕೊಹೊರಾದ ಮೇಲೆಯೇ ಹಾದು ಹೋಗುತ್ತವೆ. ಕಂಡಕ್ಟರ್‌ಗೆ “ಕೊಹೊರಾ” ಅಂತಲೇ ಹೇಳಿ. ‘ಕಾಜಿರಂಗ’ ಅಂದರೆ ಹತ್ತಾರು ಕಿಲೋಮೀಟರ್ ಉದ್ದದ ದಾರಿ, ಎಲ್ಲಿ ಇಳಿಸಬೇಕು ಅಂತ ಅವರಿಗೂ ಗೊಂದಲ. ಅಸ್ಸಾಮಿಗೆ ಒಳನಾಡ ಪರವಾನಗಿ ಏನೂ ಬೇಕಿಲ್ಲ. ಅಲ್ಲಿಂದ ಅರುಣಾಚಲ, ನಾಗಾಲ್ಯಾಂಡ್‌ಗೆ ಹೋಗುವುದಾದರೆ ಮಾತ್ರ ಬೇಕು.

ಹೆಜ್ಜೆ 3: ಯಾವ ರೇಂಜ್?

ಹೆಚ್ಚಿನವರು ತಪ್ಪುವುದು ಇಲ್ಲಿ. ಕಾಜಿರಂಗಕ್ಕೆ ಒಂದೇ ಬಾಗಿಲಲ್ಲ. ಪ್ರವಾಸಿಗರು ಹೋಗುವ ಮುಖ್ಯ ರೇಂಜ್‌ಗಳು, ಅಂದರೆ ಕಾಡಿನ ವಿಭಾಗಗಳು, ನಾಲ್ಕು, ಒಂದೊಂದರ ಮುಖವೂ ಬೇರೆ.

ಕೊಹೊರಾ ನಡುವಿನದು. ಇದರ ಬಾಗಿಲನ್ನು ಮಿಹಿಮುಖ್ ಅನ್ನುತ್ತಾರೆ. ಹೋಟೆಲು, ಹೋಂಸ್ಟೇಗಳು ಜಾಸ್ತಿ ಇರುವುದು ಈ ಸುತ್ತಲೇ, ಹಾಗಾಗಿ ಜೀಪುಗಳ ಸಾಲೂ ಇಲ್ಲೇ ಉದ್ದ. ಎತ್ತರದ ಹುಲ್ಲು, ನಡುನಡುವೆ ಕಾಡು, ಕೆರೆ, ಎಲ್ಲವೂ ಬೆರೆತ ಜಾಗ.

ಬಾಗೋರಿ ಪಶ್ಚಿಮಕ್ಕೆ, ಕೊಹೊರಾದಿಂದ ಸುಮಾರು ಅರ್ಧ ಗಂಟೆಯ ದಾರಿ. ಸುತ್ತು ಚಿಕ್ಕದು, ಬಯಲು ದೊಡ್ಡದು. ಘೇಂಡಾಮೃಗಗಳನ್ನು ಮನಸ್ಸು ತುಂಬುವಷ್ಟು ನೋಡಬೇಕಾದರೆ ಇಲ್ಲಿಗೆ ಬನ್ನಿ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಮೊದಲ ಸಫಾರಿ ಇಲ್ಲೇ ಆಗಲಿ.

ಅಗರತೋಲಿ ಪೂರ್ವಕ್ಕೆ, ಬೊಕಾಖಾಟ್ ಪೇಟೆಯ ಹತ್ತಿರ. ನನಗೆ ಮನಸ್ಸು ಹಿಡಿದದ್ದು ಇದು. ಜನ ಕಡಿಮೆ, ಸುತ್ತು ಉದ್ದ, ನೀರು ಜಾಸ್ತಿ. ಅಸ್ಸಾಮಿನಲ್ಲಿ ಇಂಥ ಕೆರೆಗೆ ‘ಬೀಲ್’ ಅನ್ನುತ್ತಾರೆ. ಇಲ್ಲಿನ ಸೊಹೊಲಾ ಬೀಲ್ ದಡದ ಗೋಪುರ ಹತ್ತಿ ನಿಂತರೆ ಹಕ್ಕಿಗಳ ಸಂತೆ. ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಮಧ್ಯದ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆ ಇದೆಯಲ್ಲ, ಅದೇ ಹಕ್ಕಿ ಇಲ್ಲಿನ ಮರಗಳಲ್ಲೂ ಗೂಡು ಕಟ್ಟುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಕೂಡ ಕಾಜಿರಂಗದ ಅತಿಥಿಯೇ. ಸಾವಿರಾರು ಕಿಲೋಮೀಟರ್ ದೂರದ ಕಾಡಿನಲ್ಲಿ ಊರಿನವರನ್ನು ಕಂಡ ಹಾಗಾಯಿತು ನನಗೆ.

ಬುರಾಪಹಾರ್ ಪಶ್ಚಿಮದ ಕೊನೆ, ಗುಡ್ಡಗಾಡು. ನಾಲ್ಕನೇ ಸಫಾರಿಗೆ ಪುರುಸೊತ್ತು ಇದ್ದರೆ ನೋಡಿ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟು: ಒಂದೇ ರೇಂಜಿನಲ್ಲಿ ಮೂರು ಸಲ ಸುತ್ತಬೇಡಿ. ಮೊದಲ ದಿನ ಪ್ರಯಾಣ. ಎರಡನೇ ದಿನ ಬೆಳಿಗ್ಗೆ ಕೊಹೊರಾ, ಮಧ್ಯಾಹ್ನ ಬಾಗೋರಿ. ಮೂರನೇ ದಿನ ಬೆಳಿಗ್ಗೆ ಅಗರತೋಲಿ, ಮಧ್ಯಾಹ್ನ ಬಿಡುವು. ನಾಲ್ಕನೇ ದಿನ ವಾಪಸ್.

ಆನೆ ಸಫಾರಿಯ ಬಗ್ಗೆಯೂ ಕೇಳುತ್ತಾರೆ. ನಸುಕಿನಲ್ಲಿ ಆನೆಯ ಮೇಲೆ ಕೂರಿಸಿ, ಜೀಪು ಹೋಗದ ಹುಲ್ಲಿನೊಳಗೆ ಕರೆದುಕೊಂಡು ಹೋಗುತ್ತಾರೆ. ಘೇಂಡಾಮೃಗದ ತೀರಾ ಹತ್ತಿರ ಹೋಗಬಹುದು ಅನ್ನುವುದು ನಿಜ. ನಾವು ಹತ್ತಲಿಲ್ಲ. ದಿನವೂ ಬೆನ್ನ ಮೇಲೆ ಜನರನ್ನು ಹೊರುವ ಆನೆಯನ್ನು ನೋಡಿದಾಗ ನನಗೂ ಅಮ್ಮನಿಗೂ ಮನಸ್ಸು ಬರಲಿಲ್ಲ. ಜೀಪಿನಿಂದ ಕಾಣದೆ ಹೋದದ್ದು ಏನೂ ಇರಲಿಲ್ಲ.

ಹೆಜ್ಜೆ 4: ಬುಕಿಂಗ್, ವಸತಿ

ಜೀಪಿಗೆ ದರ ತಲೆಗಿಷ್ಟು ಅಂತಲ್ಲ, ಇಡೀ ಗಾಡಿಗೆ. ಪ್ರವೇಶ ಶುಲ್ಕ, ಕ್ಯಾಮೆರಾ ಶುಲ್ಕ, ಗಾಡಿಯ ರಸ್ತೆ ಶುಲ್ಕ ಬೇರೆ. ಇಬ್ಬರೇ ಹೋದರೆ ಸಫಾರಿಗೆ ಕೆಲವು ಸಾವಿರ ಕೈಬಿಡುತ್ತದೆ, ಐದಾರು ಜನ ಸೇರಿದರೆ ಹಗುರ. ಒಬ್ಬರೇ ಹೋದವರು ಹೋಂಸ್ಟೇಯಲ್ಲಿ ಹೇಳಿಟ್ಟರೆ ಯಾರ ಜೊತೆಗಾದರೂ ಸೇರಿಸುತ್ತಾರೆ. ದರಗಳು ಬದಲಾಗುತ್ತಿರುತ್ತವೆ. ಹಾಗಾಗಿ ಏಜೆಂಟರು ಹೇಳಿದ್ದನ್ನು ಇಲಾಖೆಯ ದರಪಟ್ಟಿಯ ಜೊತೆ ಒಮ್ಮೆ ತಾಳೆ ನೋಡಿ. ನಮ್ಮ ಮೊದಲ ಪ್ರವಾಸದಲ್ಲಿ ಒಬ್ಬ ಏಜೆಂಟ್ “ಎಲ್ಲ ಸೇರಿ” ಅಂತ ಹಣ ತೆಗೆದುಕೊಂಡಿದ್ದ. ಬಾಗಿಲಿಗೆ ಹೋದಾಗ ಶುಲ್ಕಗಳನ್ನು ಮತ್ತೆ ನಾವೇ ಕಟ್ಟಬೇಕಾಯಿತು. ಯಾವ ರೇಂಜ್, ಯಾವ ಹೊತ್ತು, ಏನೇನು ಸೇರಿದೆ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಎಲ್ಲರ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಜೊತೆಗಿರಲಿ. ವಾರಾಂತ್ಯ, ಕ್ರಿಸ್‌ಮಸ್, ಹೊಸ ವರ್ಷದ ಹೊತ್ತಿಗೆ ಹೋಗುವುದಾದರೆ ಎರಡು ತಿಂಗಳು ಮುಂಚೆ ಬುಕ್ ಮಾಡಿ. ವಾರದ ನಡುವೆ ಹೋದರೆ ಎಲ್ಲದರಲ್ಲೂ ಆರಾಮ.

ವಸತಿಗೆ ಕೊಹೊರಾದಲ್ಲಿ ಅಸ್ಸಾಂ ಪ್ರವಾಸೋದ್ಯಮದ ಅರಣ್ಯ ಲಾಡ್ಜ್‌ನಿಂದ ಹಿಡಿದು ದುಬಾರಿ ರೆಸಾರ್ಟ್‌ವರೆಗೆ ಎಲ್ಲ ಇದೆ. ನಾನು ಹೋಂಸ್ಟೇ ಕಡೆಗೇ ವಾಲುತ್ತೇನೆ. ಊಟ ಒಳ್ಳೆಯದು, ಮಾತಿಗೆ ಜನ ಸಿಗುತ್ತಾರೆ.

ಹೆಜ್ಜೆ 5: ಬ್ಯಾಗಿಗೆ ಏನು

ಜೀಪು ತೆರೆದದ್ದು. ಚಳಿಗಾಲದ ಬೆಳಿಗ್ಗೆ ಓಡುವ ಗಾಡಿಯಲ್ಲಿ ಗಾಳಿ ಮುಖಕ್ಕೆ ಕೊರೆಯುತ್ತದೆ, ಹತ್ತು ಗಂಟೆಗೆ ಬಿಸಿಲು ಸುಡುತ್ತದೆ. ಹಾಗಾಗಿ ಒಂದೇ ದಪ್ಪ ಜಾಕೆಟ್ ಬೇಡ. ಒಂದರ ಮೇಲೊಂದು ಹಾಕಿ, ಒಂದೊಂದಾಗಿ ಬಿಚ್ಚುವ ಹಾಗಿರಲಿ. ಕಿವಿಗೆ ಟೋಪಿ ಅಥವಾ ಮಫ್ಲರ್ ಬೇಕೇ ಬೇಕು. ಮಾರ್ಚ್‌ನಲ್ಲಿ ಚಳಿ ಹೋಗಿ ಧೂಳು ಬರುತ್ತದೆ, ಮುಖಕ್ಕೆ ಕಟ್ಟಲು ಬಟ್ಟೆ ಇಟ್ಟುಕೊಳ್ಳಿ. ಬಿಳಿ, ಕೆಂಪು ಬಿಟ್ಟು ಮಣ್ಣಿನ ಬಣ್ಣದ ಬಟ್ಟೆ ಹಾಕಿ. ಸೆಂಟು ಬೇಡ, ಘೇಂಡಾಮೃಗಕ್ಕೆ ಕಣ್ಣು ಮಂದ, ಮೂಗು ಮಹಾ ಚುರುಕು.

ದುರ್ಬೀನು ಮರೆಯಬೇಡಿ. ದುಬಾರಿ ಕ್ಯಾಮೆರಾಕ್ಕಿಂತ ಒಂದು ಸಾಧಾರಣ ದುರ್ಬೀನು ಇಲ್ಲಿ ಜಾಸ್ತಿ ಕೊಡುತ್ತದೆ. ಮೂರು ಜನಕ್ಕೆ ಒಂದೇ ಇದ್ದರೆ ಜಗಳ ಗ್ಯಾರಂಟಿ, ಎರಡು ಒಯ್ಯಿರಿ. ಸೊಳ್ಳೆ ಮುಲಾಮು, ಓಆರ್‌ಎಸ್, ಚಿಲ್ಲರೆ ನೋಟುಗಳು ಇರಲಿ. ಒಳಗೆ ಹೋದ ಮೇಲೆ ಶೌಚಾಲಯ ಸಿಗುವುದು ಕಷ್ಟ, ಬಾಗಿಲಲ್ಲೇ ಮುಗಿಸಿಕೊಂಡು ಹತ್ತಿ. ಸೊಂಟನೋವು ಇದ್ದವರನ್ನು ಮುಂದೆ, ಡ್ರೈವರ್ ಪಕ್ಕ ಕೂರಿಸಿ. ಹಿಂದಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ.

ಹೆಜ್ಜೆ 6: ಜೀಪಿನಲ್ಲಿ ಕೂತ ಮೇಲೆ

ಬೆಳಗಿನ ಸಫಾರಿ ಏಳು, ಏಳೂವರೆ ಹೊತ್ತಿಗೆ, ಮಧ್ಯಾಹ್ನದ್ದು ಒಂದೂವರೆ ಆಸುಪಾಸಿಗೆ ಶುರು. ಅರ್ಧ ಗಂಟೆ ಮುಂಚೆ ಬಾಗಿಲಲ್ಲಿರಿ. ಮೊದಲ ಸಾಲಿನ ಜೀಪಿಗೆ ಧೂಳಿಲ್ಲ, ಪ್ರಾಣಿಗಳೂ ಇನ್ನೂ ರಸ್ತೆಯಿಂದ ಸರಿದಿರುವುದಿಲ್ಲ.

ಡ್ರೈವರ್‌ಗೆ ಮೊದಲೇ ಹೇಳಿಬಿಡಿ: “ನಮಗೆ ಅವಸರ ಇಲ್ಲ. ಲೆಕ್ಕ ಬೇಡ. ಒಂದು ಕಡೆ ಸುಮ್ನೆ ನಿಲ್ಲಿಸಿದರೆ ಸಾಕು.” ಹರುಕು ಮುರುಕು ಹಿಂದಿ ಸಾಕಾಗುತ್ತದೆ. ಅವರ ದಿನವೆಲ್ಲ “ಹುಲಿ ಎಲ್ಲಿ, ಹುಲಿ ಎಲ್ಲಿ” ಅನ್ನುವವರ ಜೊತೆ ಕಳೆಯುತ್ತದೆ. ಇಲ್ಲಿ ನೂರಕ್ಕೂ ಜಾಸ್ತಿ ಹುಲಿಗಳಿರುವುದು ನಿಜ, ಈ ಹುಲ್ಲಿನಲ್ಲಿ ಅವು ಕಾಣುವುದು ಅಪರೂಪ ಅನ್ನುವುದೂ ನಿಜ. ನಿಲ್ಲಿಸಿ ಅಂದ ಕೂಡಲೇ ನಮ್ಮ ಡ್ರೈವರ್‌ನ ಮುಖ ಬದಲಾಯಿತು. ಅವರೇ ಒಂದೊಂದಾಗಿ ತೋರಿಸಲು ಶುರು ಮಾಡಿದರು. ಘೇಂಡಾಮೃಗಕ್ಕೆ ಅಸ್ಸಾಮಿಯಲ್ಲಿ ‘ಗೋರ್’ ಅನ್ನುತ್ತಾರೆ ಅಂತ ಕಲಿಸಿದ್ದೂ ಅವರೇ.

ಬಾಗೋರಿಯಲ್ಲಿ ಒಂದು ತಾಯಿ-ಕರು ದಾರಿಯಿಂದ ನಲವತ್ತು ಅಡಿ ದೂರದಲ್ಲಿ ಮೇಯುತ್ತಿದ್ದವು. ಇಂಜಿನ್ ಆರಿಸಿ ಇಪ್ಪತ್ತು ನಿಮಿಷ ನಿಂತೆವು. ಮೊದಲು ಕೇಳಿದ್ದು ಸದ್ದು. ಕೊಟ್ಟಿಗೆಯಲ್ಲಿ ಹಸು ಹಸಿಹುಲ್ಲು ಎಳೆದು ತಿನ್ನುವಾಗ ಬರುವ ಕರಕ್ ಕರಕ್ ಸದ್ದು ಇದೆಯಲ್ಲ, ಅದೇ, ಅದರ ನಾಲ್ಕು ಪಟ್ಟು. ಮೇಲ್ತುಟಿಯ ತುದಿ ಬೆರಳಿನ ಹಾಗೆ ಬಾಗಿ ಹುಲ್ಲಿನ ಹಿಡಿಯನ್ನು ಸುತ್ತಿ ಎಳೆಯುತ್ತಿತ್ತು. ಬೆನ್ನ ಮೇಲೆ ಬೆಳ್ಳಕ್ಕಿ, ಕಾಲಬುಡದಲ್ಲಿ ಎರಡು ಗೊರವಂಕ. ಲಾರಿಯ ಮೇಲೆ ಹೊದಿಸಿದ ದಪ್ಪ ತಾಡಪಾಲು ಮಡಿಕೆ ಬಿದ್ದ ಹಾಗೆ ಚರ್ಮ. ಆ ಮಡಿಕೆಗಳ ಒಳಗೆ ಮಾತ್ರ ನಸುಗೆಂಪು. ಒಣಗಿದ ಕೆಸರು ಅದು ಹೆಜ್ಜೆ ಇಟ್ಟಾಗೆಲ್ಲ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಎರಡು ಕಿವಿಗಳೂ ಬೇರೆ ಬೇರೆ ಕಡೆ ತಿರುಗುತ್ತಿದ್ದವು, ಒಂದು ನಮ್ಮ ಕಡೆ, ಒಂದು ಕರುವಿನ ಕಡೆ. ಅಮ್ಮ ಪಿಸುಮಾತಿನಲ್ಲಿ, “ನೋಡೇ, ಕರುಗೆ ಕೊಂಬೇ ಬಂದಿಲ್ಲ, ಮೂಗಿನ ಮೇಲೆ ಬರೀ ಗುಬುಟು” ಅಂದಳು. ಆಮೇಲೆ ಅಲ್ಲಿಂದ ಹೊರಡುವವರೆಗೂ ನಮ್ಮ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ತಾಯಿ ಸುಮಾರು ಹದಿನಾರು ತಿಂಗಳು ಬಸುರಿಯಾಗಿದ್ದು ಒಂದೇ ಮರಿ ಹಾಕುತ್ತದೆ. ಆ ಮರಿ ವರ್ಷಗಟ್ಟಲೆ ಅದರ ಬೆನ್ನಿಗಿರುತ್ತದೆ. ಹಾಗಾಗಿ ಮರಿ ಇರುವ ತಾಯಿಯ ಹತ್ತಿರ ಜೀಪು ಒತ್ತಬಾರದು. “ಇನ್ನೂ ಸ್ವಲ್ಪ ಮುಂದೆ ಹೋಗಿ” ಅಂತ ಡ್ರೈವರ್‌ಗೆ ದುಂಬಾಲು ಬೀಳಬೇಡಿ. ಮೇಯುವುದು ನಿಲ್ಲಿಸಿತು, ತಲೆ ಎತ್ತಿತು, ಎರಡೂ ಕಿವಿ ನಿಮ್ಮ ಕಡೆಗೇ ನೆಟ್ಟವು, ಬುಸ್ ಅಂತ ಉಸಿರು ಬಿಟ್ಟಿತು ಅಂದರೆ ಅದು ನಿಮಗೆ ಕೊಟ್ಟ ಎಚ್ಚರಿಕೆ. ಹಿಂದೆ ಸರಿಯುವ ಹೊತ್ತು. ಎರಡು ಟನ್ ತೂಗುವ ಈ ಪ್ರಾಣಿ ಗಂಟೆಗೆ 40 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತದೆ. ಇನ್ನೊಂದು ವಿಷಯ, ಇದು ಹೊಡೆದಾಡುವಾಗ ಹೆಚ್ಚಾಗಿ ಬಳಸುವುದು ಕೊಂಬನ್ನಲ್ಲ, ಕೆಳದವಡೆಯ ಚೂಪು ಹಲ್ಲುಗಳನ್ನು. ಜೀಪಿನಲ್ಲಿ ಎದ್ದು ನಿಲ್ಲುವುದು, ಸೆಲ್ಫಿಗೆ ಬಾಗುವುದು ಬೇಡವೇ ಬೇಡ. 2025ರ ಜನವರಿಯಲ್ಲಿ ಬಾಗೋರಿಯಲ್ಲೇ ಜೀಪು ತಿರುಗುವಾಗ ಇಬ್ಬರು ಘೇಂಡಾಮೃಗದ ಸಮೀಪವೇ ಕೆಳಗೆ ಬಿದ್ದರು. ಜೀವ ಉಳಿಯಿತು. ಕಂಬಿ ಗಟ್ಟಿಯಾಗಿ ಹಿಡಿದು ಕೂರಿ, ಮಕ್ಕಳನ್ನು ನಡುವೆ ಕೂರಿಸಿ.

ದಾರಿಬದಿಯಲ್ಲಿ ಸಗಣಿಯ ದೊಡ್ಡ ಗುಪ್ಪೆಗಳು ಕಾಣುತ್ತವೆ. ಘೇಂಡಾಮೃಗಗಳು ಅದೇ ಜಾಗಕ್ಕೆ ಬಂದು ಸಗಣಿ ಹಾಕುತ್ತವೆ. ಯಾರು ಬಂದರು, ಯಾರು ಹೋದರು ಅನ್ನುವ ಸುದ್ದಿ ವಾಸನೆಯಲ್ಲೇ ಅವಕ್ಕೆ ಸಿಗುತ್ತದೆ. ಈ ಅಭ್ಯಾಸವೇ ಅವಕ್ಕೆ ಮುಳುವೂ ಆಗಿತ್ತು. ಕಳ್ಳಬೇಟೆಗಾರರು ಇಂಥ ಗುಪ್ಪೆಯ ಹತ್ತಿರವೇ ಹೊಂಚು ಹಾಕುತ್ತಿದ್ದರು. ಹುಲ್ಲಿನ ನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮನೆಗಳು ಕಂಡರೆ ಅವು ಕಾವಲುಗಾರರ ಕ್ಯಾಂಪ್. ಉದ್ಯಾನದಲ್ಲಿ ಇಂಥವು ಇನ್ನೂರಕ್ಕೂ ಜಾಸ್ತಿ ಇವೆ. ನೆರೆಯಲ್ಲೂ, ಚಳಿಯಲ್ಲೂ ಅಲ್ಲೇ ಇರುತ್ತಾರೆ. 2022ರಲ್ಲಿ ಇಡೀ ಅಸ್ಸಾಮಿನಲ್ಲಿ ಒಂದೇ ಒಂದು ಘೇಂಡಾಮೃಗವೂ ಕಳ್ಳಬೇಟೆಗೆ ಬಲಿಯಾಗಲಿಲ್ಲ. ಅದು ಈ ಜನ ದುಡಿದದ್ದರ ಫಲ. ದಾರಿಯಲ್ಲಿ ಸಿಕ್ಕರೆ ಒಂದು ನಮಸ್ಕಾರ ಹೇಳಿ.

ಘೇಂಡಾಮೃಗದ ಗುಂಗಿನಲ್ಲಿ ಉಳಿದವರನ್ನು ಬಿಡಬೇಡಿ. ಮಲೆನಾಡಿನಲ್ಲಿ ನಾವು ಕಾಟಿಗೆ ಕಾಡೆಮ್ಮೆ, ಕಾಡುಕೋಣ ಅಂತೆಲ್ಲ ಕರೆಯುತ್ತೇವಲ್ಲ? ನಿಜವಾದ ಕಾಡು ಎಮ್ಮೆ ನೋಡಬೇಕಾದರೆ ಇಲ್ಲಿಗೆ ಬನ್ನಿ. ನಮ್ಮ ಮನೆಯ ಎಮ್ಮೆಯ ಮೂಲದ ಬಳಗ. ಕೊಂಬುಗಳು ಎರಡು ಕಡೆಗೂ ಎಷ್ಟು ಅಗಲ ಅಂದರೆ, ನೀರಿನಲ್ಲಿ ಮುಳುಗಿ ಕೂತಾಗ ಕೊಂಬು ಮಾತ್ರ ತೇಲುತ್ತಿರುವ ಹಾಗೆ ಕಾಣುತ್ತದೆ. ಬಾರಸಿಂಗ ಜಿಂಕೆಗಳು, ಕಾಡಾನೆ, ನೀರುನಾಯಿ, ‘ಹರ್ಗಿಲಾ’ ಅನ್ನುವ ಆಳೆತ್ತರದ ಕೊಕ್ಕರೆ, ಕೆರೆದಂಡೆಯಲ್ಲಿ ಸಾಲಾಗಿ ಬಿಸಿಲು ಕಾಯಿಸುವ ಆಮೆಗಳು. ಗೋಪುರದ ಹತ್ತಿರ ಇಳಿಯಲು ಬಿಡುತ್ತಾರೆ, ಬೇರೆ ಎಲ್ಲೂ ಇಳಿಯುವ ಹಾಗಿಲ್ಲ. ಡ್ರೋನ್ ನಿಷಿದ್ಧ.

ಹೆಜ್ಜೆ 7: ಊಟ

ಅಸ್ಸಾಮಿ ಥಾಲಿ ಹೇಳಿ. ಜೋಹಾ ಅನ್ನುವ ಪರಿಮಳದ ಅಕ್ಕಿಯ ಅನ್ನ, ಬೇಳೆ, ಸೊಪ್ಪು, ಹುಳಿಯಾದ ಮೀನಿನ ಸಾರು ‘ಟೆಂಗಾ’. ಸಸ್ಯಾಹಾರಿಗಳು ಹೆದರಬೇಕಿಲ್ಲ, ಮೊದಲೇ ಹೇಳಿದರೆ ಅಡುಗೆ ಬೇರೆ ಮಾಡುತ್ತಾರೆ. ಅಮ್ಮನಿಗೆ ಹಿಡಿಸಿದ್ದು ಆಲೂ ಪಿಟಿಕಾ. ಬೇಯಿಸಿದ ಆಲೂಗಡ್ಡೆ ಹಿಸುಕಿ, ಹಸಿಮೆಣಸು, ಈರುಳ್ಳಿ, ಕೊತ್ತಂಬರಿ ಸೊಪ್ಪು, ಮೇಲೆ ಹಸಿ ಸಾಸಿವೆ ಎಣ್ಣೆ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ತಂಗಿ ಅನ್ನಬಹುದು. ಸಾಸಿವೆ ಎಣ್ಣೆಯ ಘಾಟು ಮೊದಲ ಊಟದಲ್ಲಿ ಮೂಗಿಗೆ ಹೊಡೆಯುತ್ತದೆ, ಮೂರನೇ ಊಟಕ್ಕೆ ಬೇಕು ಅನ್ನಿಸುತ್ತದೆ.

ಊಟ ಆದಮೇಲೆ ತಾಂಬೂಲ ಕೊಡುತ್ತಾರೆ. ಅವರು ‘ತಾಮುಲ್’ ಅನ್ನುವುದು ಅಡಿಕೆಗೇ. ಹಸಿಯಾಗಿಯೋ, ಮಣ್ಣಲ್ಲಿ ಹೂತು ಹಣ್ಣು ಮಾಡಿಯೋ ತಿನ್ನುತ್ತಾರೆ. ಶಿರಸಿ, ತೀರ್ಥಹಳ್ಳಿ ಕಡೆಯವರು ಕೂಡ ಚಿಕ್ಕ ಹೋಳಿನಿಂದಲೇ ಶುರು ಮಾಡಿ. ಅಕ್ಕ ಪೂರ್ತಿ ಹಾಕಿಕೊಂಡು, ಮೈ ಬೆವತು ಹತ್ತು ನಿಮಿಷ ಗೋಡೆಗೆ ಒರಗಿ ಕೂತಳು.

ಹೆಜ್ಜೆ 8: ಬಿಡುವಿನ ಹೊತ್ತು, ವಾಪಸ್ ದಾರಿ

ಮೂರನೇ ದಿನದ ಮಧ್ಯಾಹ್ನಕ್ಕೆ ಕೊಹೊರಾದ ಆರ್ಕಿಡ್ ಪಾರ್ಕ್ ಒಳ್ಳೆಯದು. ಚಹಾ ತೋಟದ ಅಂಚಿನಲ್ಲಿ ನಡೆದುಕೊಂಡು ಬಂದರೂ ಸರಿ. ಜೋರ್ಹಾಟ್ ಕಡೆಯಿಂದ ಹೊರಡುವವರು ಹೊಲ್ಲೊಂಗಾಪಾರ್ ಅಭಯಾರಣ್ಯದಲ್ಲಿ ಹೂಲಾಕ್ ಗಿಬ್ಬನ್ ಅನ್ನುವ ಬಾಲವಿಲ್ಲದ ವಾನರ ನೋಡಬಹುದು. ಗುವಾಹಟಿ ಕಡೆ ಹೋಗುವವರಿಗೆ ಒಂದು ದಿನ ಜಾಸ್ತಿ ಇದ್ದರೆ ಪೊಬಿತೊರಾ ಇದೆ. ಚಿಕ್ಕ ಕಾಡು, ತುಂಬಾ ಘೇಂಡಾಮೃಗಗಳು. ಕಾಜಿರಂಗದವರೆಗೆ ಹೋಗಲು ಆಗದವರಿಗೆ ಗುವಾಹಟಿಯಿಂದ ಒಂದೇ ದಿನದಲ್ಲಿ ಹೋಗಿ ಬರುವ ಜಾಗ ಅದು.

ಬೊಕಾಖಾಟ್ ದಾಟುವಾಗ ಒಂದು ನೆನಪು ಇರಲಿ. 2021ರ ಸೆಪ್ಟೆಂಬರ್ 22ರಂದು, ವಿಶ್ವ ಘೇಂಡಾಮೃಗ ದಿನ, ಸರ್ಕಾರ ತನ್ನ ಖಜಾನೆಯಲ್ಲಿ ಕೂಡಿಟ್ಟಿದ್ದ 2,479 ಕೊಂಬುಗಳನ್ನು ಇಲ್ಲಿ ಸುಟ್ಟುಹಾಕಿತು. ಕೊಂಬು ಅಂದರೆ ನಮ್ಮ ಉಗುರು, ಕೂದಲಲ್ಲಿ ಇರುವ ಕೆರಾಟಿನ್ನೇ, ಅದರಲ್ಲಿ ಯಾವ ಔಷಧಿಯೂ ಇಲ್ಲ ಅಂತ ಜಗತ್ತಿಗೆ ತೋರಿಸಿದ್ದು ಹಾಗೆ. ಜೊತೆಗೆ ಮಕ್ಕಳಿದ್ದರೆ ಅವರಿಗೆ ಈ ಕಥೆ ಹೇಳಿ.

ವಾಪಸ್ ದಾರಿಯನ್ನು ಸುಮ್ನೆ ನಿದ್ದೆಯಲ್ಲಿ ಕಳೆಯಬೇಡಿ. ಹೆದ್ದಾರಿ ಉದ್ಯಾನದ ಅಂಚಿನಲ್ಲೇ ಹೋಗುತ್ತದೆ. ಪಾನ್‌ಬಾರಿ, ಹಲ್ದಿಬಾರಿ, ಕಾಂಚನಜುರಿ ಹೀಗೆ ಹಲವು ಕಡೆ ಪ್ರಾಣಿಗಳು ಬೆಟ್ಟಕ್ಕೆ ದಾಟುವ ಜಾಗಗಳಿವೆ, ಫಲಕ ಹಾಕಿದ್ದಾರೆ. ನೆರೆಯ ದಿನಗಳಲ್ಲಿ ಒಂದು ತುದಿಯಲ್ಲಿ ಹೊತ್ತು ಬರೆದ ಚೀಟಿ ಕೊಟ್ಟು ಇನ್ನೊಂದು ತುದಿಯಲ್ಲಿ ನೋಡುತ್ತಾರೆ. ಬೇಗ ತಲುಪಿದರೆ ದಂಡ, ಯಾಕೆಂದರೆ ನೀವು ವೇಗವಾಗಿ ಓಡಿಸಿದ್ದೀರಿ ಅಂತ ಅರ್ಥ. ನೆರೆ ಇಲ್ಲದ ದಿನವೂ ಕಾರಿನವರಿಗೆ “ಇಲ್ಲಿ 40 ದಾಟಬೇಡಿ” ಅಂತ ಹೇಳಿಬಿಡಿ, ವಿಮಾನಕ್ಕೆ ಒಂದು ಗಂಟೆ ಮುಂಚೆಯೇ ಹೊರಡಿ. ಗುವಾಹಟಿ ಕಡೆ ಹೋಗುವಾಗ ಉದ್ಯಾನ ಬಲಗಡೆ ಬರುತ್ತದೆ, ಆ ಕಡೆಯ ಕಿಟಕಿಯನ್ನು ದೊಡ್ಡವರಿಗೆ ಕೊಡಿ. ಬಾಗೋರಿ ಹತ್ತಿರ ರಸ್ತೆಬದಿಯ ಬಯಲಿನಲ್ಲಿ, ಮಂಜು ಕರಗುವ ಹೊತ್ತಿಗೆ, ಅಮ್ಮ ಇನ್ನೂ ನಾಲ್ಕು ಘೇಂಡಾಮೃಗಗಳನ್ನು ಕಾರಿನಿಂದಲೇ ನೋಡಿದಳು.